ಮಡಿಕೇರಿಯ ನಾಲ್ಕು ವಾರಕ್ಕೆ ಬೆಲೆಯಿದೆಯೇ?

ನಾಪೋಕ್ಲು ಸಮೀಪದ ಊರೊಂದರಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಮೈಸೂರಿನಲ್ಲಿ ಐದು ವರ್ಷದ ಕಾನೂನು ಪದವಿಯ ಮೂರನೆಯ ವರ್ಷದಲ್ಲಿರುವ ವಿದ್ಯಾರ್ಥಿನಿ ಅವರು. ಹೆಸರು ಪ್ರಕಟಿಸಬಾರದೆಂದು ಕೋರಿದ್ದಾರೆ. ಪತ್ರದ ಮುಖ್ಯ ಭಾಗ ಹೀಗಿದೆ: “ನಮ್ಮ ಮನೆತನದಲ್ಲಿ ವಕೀಲರು ಯಾರೂ ಇಲ್ಲ. ತಂದೆಯವರಿಗಿರುವುದು ಮೂರು ಎಕರೆ ಕಾಫಿ ತೋಟ. ಸಹಪಾಠಿಗಳು ದೆಹಲಿ, ಬೆಂಗಳೂರಿನ ದೊಡ್ಡ ಕಚೇರಿಗಳಿಗೆ ಇಂಟರ್ನ್‌ಶಿಪ್‌ಗೆ ಹೋಗುತ್ತಿದ್ದಾರೆ. ನಾನು ದೆಹಲಿಗೆ ಹೋಗಬೇಕಾದರೆ ತಂದೆಯವರು ಸಾಲ ಮಾಡಬೇಕು. ಮಡಿಕೇರಿಯ ವಕೀಲರೊಬ್ಬರು ಮೇ ತಿಂಗಳಲ್ಲಿ ನಾಲ್ಕು ವಾರ ಬರಬಹುದು ಎಂದಿದ್ದಾರೆ. ಆದರೆ ಜಿಲ್ಲಾ ನ್ಯಾಯಾಲಯದ ಅನುಭವಕ್ಕೆ ಬಯೋಡೇಟಾದಲ್ಲಿ ಬೆಲೆಯಿಲ್ಲ ಎಂದು ಗೆಳತಿಯರು ಹೇಳುತ್ತಾರೆ. ಹಣ ಕಟ್ಟಿದರೆ ಮನೆಯಲ್ಲೇ ಕುಳಿತು ಇಂಟರ್ನ್‌ಶಿಪ್ ಮುಗಿಸಿ ಪ್ರಮಾಣಪತ್ರ ಪಡೆಯಬಹುದೆಂಬ ಜಾಹೀರಾತೂ ಕಣ್ಣಿಗೆ ಬಿದ್ದಿದೆ. ನಾನು ಯಾವ ದಾರಿ ಹಿಡಿಯಲಿ?”

ಪ್ರಿಯ ಓದುಗರೇ,

ನಾನು ವಕೀಲನಲ್ಲ. ಆದರೆ ಈ ಪತ್ರಿಕೆಯ ಹೊಣೆ ಹೊರುವ ಮೊದಲು ಹಲವು ವರ್ಷ ಮಡಿಕೇರಿ ಮತ್ತು ವಿರಾಜಪೇಟೆಯ ನ್ಯಾಯಾಲಯಗಳ ವರದಿ ಬರೆದವನು. ಕಪ್ಪು ಕೋಟು ತೊಟ್ಟು ಅಂಜುತ್ತಾ ಒಳಗೆ ಕಾಲಿಟ್ಟ ಹುಡುಗ ಹುಡುಗಿಯರು ಹತ್ತು ಹದಿನೈದು ವರ್ಷಗಳಲ್ಲಿ ಏನಾದರು ಎಂಬುದನ್ನು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದವನು. ಆ ಬಲದಿಂದಲೇ ಉತ್ತರಿಸುತ್ತಿದ್ದೇನೆ. ಮಡಿಕೇರಿಗೆ ಹೋಗಿ. ಈ ವರ್ಷ ಸಾಲ ಮಾಡಬೇಡಿ. ಪ್ರಮಾಣಪತ್ರವನ್ನಂತೂ ಕೊಳ್ಳಲೇಬೇಡಿ.

ಮೊದಲು ನಿಯಮವನ್ನು ನೋಡೋಣ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಪದವಿಯವರು ಕನಿಷ್ಠ 12 ವಾರ, ಐದು ವರ್ಷದ ಪದವಿಯವರು ಕನಿಷ್ಠ 20 ವಾರ ಇಂಟರ್ನ್‌ಶಿಪ್ ಮಾಡಿರಬೇಕು. ಯಾವುದೇ ವರ್ಷದಲ್ಲಿ ಅದು ಸತತ ನಾಲ್ಕು ವಾರಗಳನ್ನು ಮೀರುವಂತಿಲ್ಲ. ವಕೀಲರ ಕಚೇರಿ, ನ್ಯಾಯಾಂಗ, ಸ್ವಯಂಸೇವಾ ಸಂಸ್ಥೆ, ಕಂಪನಿ, ಸ್ಥಳೀಯ ಸಂಸ್ಥೆ ಮುಂತಾಗಿ ಹಲವು ಕಡೆ ಇದಕ್ಕೆ ಅವಕಾಶವಿದ್ದರೂ, ವಿಚಾರಣಾ ನ್ಯಾಯಾಲಯದ (ಜಿಲ್ಲೆಯಲ್ಲಿ ಸಾಕ್ಷ್ಯ ಕೇಳುವ ಮೊದಲ ಹಂತದ ನ್ಯಾಯಾಲಯದ) ಮತ್ತು ಮೇಲ್ಮನವಿ ನ್ಯಾಯಾಲಯದ ವಕೀಲರ ಬಳಿ ಒಮ್ಮೆಯಾದರೂ ಇರಲೇಬೇಕೆಂದು ಅದೇ ನಿಯಮ ಒತ್ತಿ ಹೇಳುತ್ತದೆ. ನಿಮ್ಮ ಗೆಳತಿಯರು ಬೆಲೆಯಿಲ್ಲ ಎಂದ ಅನುಭವವನ್ನೇ ನಿಯಮ ಕಡ್ಡಾಯ ಮಾಡಿದೆ ಎಂಬುದನ್ನು ಗಮನಿಸಿ.

ನಿಯಮಕ್ಕಿಂತ ದೊಡ್ಡ ಕಾರಣವೊಂದಿದೆ. ಮೊಕದ್ದಮೆ ಹುಟ್ಟುವುದು ವಿಚಾರಣಾ ನ್ಯಾಯಾಲಯದಲ್ಲಿ. ಕಕ್ಷಿದಾರರು ಪ್ಲಾಸ್ಟಿಕ್ ಚೀಲದಲ್ಲಿ ಪಹಣಿ, ಹಳೆಯ ಕ್ರಯಪತ್ರ, ಕಂದಾಯದ ರಸೀದಿಗಳನ್ನು ಸುತ್ತಿಕೊಂಡು ಬಂದು ವಕೀಲರ ಮೇಜಿನ ಮೇಲೆ ಸುರಿದಾಗ ಅದರಲ್ಲಿ ಯಾವುದು ಕೇಸಿಗೆ ಬೇಕು, ಯಾವುದು ಬೇಡ, ಯಾವ ಕಾಗದ ಇನ್ನೂ ತರಿಸಬೇಕು ಎಂದು ಗುರುತಿಸುವುದೇ ಈ ವೃತ್ತಿಯ ಮೊದಲ ಪಾಠ. ಸರ್ವೋಚ್ಚ ನ್ಯಾಯಾಲಯದ ಹಿರಿಯ ವಕೀಲರ ಕಚೇರಿಗೆ ಆ ಕಡತ ತಲುಪುವ ಹೊತ್ತಿಗೆ ಸಾಕ್ಷ್ಯ ಮುಗಿದು, ಸಂಗತಿಗಳೆಲ್ಲ ಟೈಪಾಗಿ, ಪುಸ್ತಕದಂತೆ ಹೊಲಿದಿರುತ್ತವೆ. ಅಲ್ಲಿ ಇಂಟರ್ನ್‌ಗೆ ಹೆಚ್ಚಾಗಿ ಸಿಗುವುದು ಹಳೆಯ ತೀರ್ಪುಗಳನ್ನು ಹುಡುಕಿಕೊಡುವ ಕೆಲಸ. ಅದೂ ಕಲಿಯಬೇಕಾದದ್ದೇ, ಆದರೆ ಎದುರು ಪಕ್ಷದ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವ ಪಾಟೀಸವಾಲನ್ನು ಒಮ್ಮೆಯೂ ಕೇಳದವರು ತೀರ್ಪಿನಲ್ಲಿರುವ ಸಾಕ್ಷ್ಯದ ವಿಮರ್ಶೆಯನ್ನು ಓದಿದರೆ ಅರ್ಧವಷ್ಟೇ ಅರ್ಥವಾಗುತ್ತದೆ.

ಕೊಡಗಿನವರಿಗೆ ಇನ್ನೂ ಒಂದು ಅನುಕೂಲವಿದೆ. ನಮ್ಮ ಜಮ್ಮಾ ಜಮೀನು (ವಂಶಪಾರಂಪರ್ಯದ ಹಿಡುವಳಿ), ಬಾಣೆ (ಗದ್ದೆಗೆ ಹೊಂದಿಕೊಂಡ ಮರಗಾಡಿನ ಜಾಗ), ಒಕ್ಕದ (ಕೊಡವ ಮನೆತನದ) ಆಸ್ತಿಯ ವ್ಯಾಜ್ಯಗಳಂಥವು ಬೇರೆ ಜಿಲ್ಲೆಗಳಲ್ಲಿ ಸಿಗುವುದಿಲ್ಲ. ಎಂದೋ ತೀರಿಕೊಂಡ ಪಟ್ಟೆದಾರರ (ಮನೆತನದ ಪರವಾಗಿ ಜಮೀನು ಹೊಂದಿದವರ) ಹೆಸರು ಇಂದಿಗೂ ದಾಖಲೆಯಲ್ಲಿರುವಾಗ, ಈಗಿನ ಪಾಲುದಾರರ ಹಕ್ಕನ್ನು ಹೇಗೆ ತೋರಿಸಬೇಕು ಎಂಬ ಒಂದು ಪ್ರಶ್ನೆಯ ಬೆನ್ನು ಹತ್ತಿದರೆ ಸಾಕು, 1899ರ ಕೊಡಗು ಭೂಮಿ ಮತ್ತು ಕಂದಾಯ ರೆಗ್ಯುಲೇಷನ್, ಕೊಡಗು ಪ್ರತ್ಯೇಕ ರಾಜ್ಯವಾಗಿದ್ದು 1956ರಲ್ಲಿ ಮೈಸೂರಿನೊಂದಿಗೆ ವಿಲೀನವಾದ ಚರಿತ್ರೆ, 1964ರ ಕರ್ನಾಟಕ ಭೂಕಂದಾಯ ಅಧಿನಿಯಮ, ಅದಕ್ಕೆ ಬಂದ ತಿದ್ದುಪಡಿಗಳು, ಕುಟುಂಬದ ಪದ್ಧತಿ, ಎಲ್ಲವನ್ನೂ ಓದಬೇಕಾಗುತ್ತದೆ. ತರಗತಿಯಲ್ಲಿ ಬೇರೆ ಬೇರೆ ವಿಷಯಗಳಾಗಿ ಕಲಿತದ್ದು ಒಂದೇ ಕಡತದಲ್ಲಿ ಎದುರಾಗುತ್ತದೆ. ಕಾಡಂಚಿನ ಹಾಡಿಗಳಲ್ಲಿ, ಅಂದರೆ ಬುಡಕಟ್ಟಿನವರ ವಸತಿಗಳಲ್ಲಿ, 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳದ್ದೂ ಇಷ್ಟೇ ಆಳದ ವಿಷಯ. ಕೊಡವ ತಕ್ಕ್ ಅಥವಾ ಅರೆಭಾಷೆಯಲ್ಲಿ ಅಜ್ಜಿಯೊಬ್ಬರು ಹೇಳಿದ್ದನ್ನು ಕೇಳಿ, ಕನ್ನಡದಲ್ಲಿ ಸರಿಯಾಗಿ ಬರೆದು, ಇಂಗ್ಲಿಷ್ ತೀರ್ಪಿನೊಂದಿಗೆ ಹೊಂದಿಸಿ ನೋಡಬಲ್ಲ ವಿದ್ಯಾರ್ಥಿನಿ ನಮ್ಮ ಯಾವುದೇ ವಕೀಲರ ಕಚೇರಿಗೆ ಮೊದಲ ದಿನದಿಂದಲೇ ಉಪಯೋಗಕ್ಕೆ ಬರುತ್ತಾಳೆ.

ನಿಮ್ಮ ಯೋಜನೆಯಲ್ಲಿ ಒಂದನ್ನು ಮಾತ್ರ ಬದಲಿಸಿಕೊಳ್ಳಬೇಕು. ಮೇ ತಿಂಗಳ ಹೆಚ್ಚು ಭಾಗ ಸಿವಿಲ್ ನ್ಯಾಯಾಲಯಗಳಿಗೆ ಬೇಸಿಗೆ ರಜೆ ಇರುತ್ತದೆ. ಮ್ಯಾಜಿಸ್ಟ್ರೇಟ್ ನ್ಯಾಯಾಲಯ ನಡೆಯುತ್ತದೆಯಾದರೂ, ದಾವೆಯ ವಿಚಾರಣೆ ನೋಡಬೇಕೆಂದು ಹೋದವರು ಬೀಗ ನೋಡಿಕೊಂಡು ಬರಬೇಕಾಗುತ್ತದೆ. ಆದ್ದರಿಂದ ರಜೆಯ ಪಟ್ಟಿಯನ್ನು ಮೊದಲೇ ನೋಡಿ, ಸಾಧ್ಯವಿದ್ದರೆ ಎರಡು ವಾರವನ್ನು ಕಲಾಪ ನಡೆಯುವ ದಿನಗಳಿಗೆ ಇಟ್ಟುಕೊಂಡು, ಉಳಿದ ಎರಡನ್ನು ರಜೆಯಲ್ಲಿ ಕಚೇರಿಯ ಕೆಲಸಕ್ಕೆ ಕೊಡಿ. ರಜೆಯ ದಿನಗಳೂ ವ್ಯರ್ಥವಲ್ಲ. ವಕೀಲರಿಗೆ ಕೂತು ಹೇಳಿಕೊಡಲು ಬಿಡುವಿರುವುದು ಆಗಲೇ. ಇತ್ಯರ್ಥವಾದ ಒಂದು ದಾವೆಯ ಕಡತವನ್ನು ಕೇಳಿ ಪಡೆದು ವಾದಪತ್ರದಿಂದ ತೀರ್ಪಿನವರೆಗೆ ಓದಿ. ವಾದಪತ್ರವನ್ನು ಮಾತ್ರ ನೋಡಿ ಪ್ರತಿವಾದಪತ್ರವನ್ನು ನೀವೇ ಬರೆಯಿರಿ; ಬಳಿಕ ಕಡತದಲ್ಲಿರುವುದರೊಂದಿಗೆ ಹೋಲಿಸಿರಿ. ಒಂದು ದಿನ ಗುಮಾಸ್ತರ ಜೊತೆ ನಕಲು ಶಾಖೆಗೂ ಉಪನೋಂದಣಾಧಿಕಾರಿಗಳ ಕಚೇರಿಗೂ ಹೋಗಿ ಬನ್ನಿ. ಗುಮಾಸ್ತರಿಗೆ ಗೌರವ ಕೊಡಿ. ಕಡತ ಎಲ್ಲಿ ನಿಂತಿದೆ, ಯಾಕೆ ನಿಂತಿದೆ ಎಂಬುದು ಅವರಿಗೆ ತಿಳಿದಷ್ಟು ಇನ್ನಾರಿಗೂ ತಿಳಿದಿರುವುದಿಲ್ಲ.

ಹಾಗೆಯೇ 2024ರ ಜುಲೈ 1ರಿಂದ ಹೊಸ ಅಪರಾಧ ಕಾನೂನುಗಳು ಜಾರಿಯಲ್ಲಿದ್ದರೂ ಅದಕ್ಕೂ ಹಿಂದಿನ ಕೃತ್ಯಗಳ ವಿಚಾರಣೆ ಹಳೆಯ ದಂಡ ಸಂಹಿತೆಯಂತೆಯೇ ನಡೆಯುತ್ತಿದೆ. ಎರಡನ್ನೂ ಒಂದೇ ನ್ಯಾಯಾಲಯದಲ್ಲಿ ನೋಡುವ ಅವಕಾಶ ನಿಮ್ಮ ಪೀಳಿಗೆಯವರದು.

ಇನ್ನೊಂದು ಮಾತನ್ನು ಬಹಳ ಕಳಕಳಿಯಿಂದ ಹೇಳುತ್ತೇನೆ. ಕೊಡಗು ಚಿಕ್ಕ ಜಿಲ್ಲೆ. ವಾದಿ ನಿಮ್ಮ ತಾಯಿಯ ಕಡೆಯ ನೆಂಟರೂ ಪ್ರತಿವಾದಿ ತಂದೆಯ ಸ್ನೇಹಿತರೂ ಆಗಿರುವ ಸಂಭವ ಇಲ್ಲಿ ಸಾಮಾನ್ಯ. ಮದುವೆ ಮನೆಯಲ್ಲಿಯೋ ಸಂತೆಯಲ್ಲಿಯೋ ಯಾರಾದರೂ ‘ಆ ಕೇಸು ಏನಾಯಿತು’ ಎಂದು ಕೇಳಿಯೇ ಕೇಳುತ್ತಾರೆ. ಕಕ್ಷಿದಾರರು ವಕೀಲರಿಗೆ ಹೇಳಿದ ಮಾತಿಗೆ ಕಾನೂನಿನ ರಕ್ಷಣೆಯಿದೆ. ಆ ಹೊಣೆ ವಕೀಲರ ಗುಮಾಸ್ತರಿಗೂ ನೌಕರರಿಗೂ ಅನ್ವಯಿಸುತ್ತದೆ. ನೀವೂ ಅದೇ ಕಟ್ಟಿನೊಳಗೆ ಇದ್ದೀರಿ ಎಂದು ಭಾವಿಸಿ ನಡೆಯಿರಿ; ಮನೆಯವರ ಮುಂದೆಯೂ ಬಾಯಿ ಬಿಡಬೇಡಿ. ದಿನಚರಿಯಲ್ಲಿ ಕಕ್ಷಿದಾರರ ಹೆಸರು ಬರೆಯುವ ಬದಲು ಸಂಗತಿಯನ್ನಷ್ಟೇ ಬರೆಯಿರಿ. ಒಂದು ಸಲ ನಾಲಿಗೆ ಸಡಿಲ ಬಿಟ್ಟ ಕಿರಿಯರಿಗೆ ನಮ್ಮ ಊರುಗಳಲ್ಲಿ ಕಡತ ಕೊಡಲು ಹಿರಿಯರು ಎಷ್ಟು ವರ್ಷ ಹಿಂಜರಿಯುತ್ತಾರೆಂಬುದನ್ನು ನಾನು ಕಂಡಿದ್ದೇನೆ.

ದಿನಚರಿಯ ಪ್ರಸ್ತಾಪ ಬಂದದ್ದರಿಂದ ಬಯೋಡೇಟಾದ ಪ್ರಶ್ನೆಗೆ ಬರುತ್ತೇನೆ. ಒಂದು ಸಿವಿಲ್, ಒಂದು ಕ್ರಿಮಿನಲ್ ಪ್ರಕರಣದ ವಿಚಾರಣೆ ನೋಡಿ ದಾಖಲಿಸುವುದೂ, ಕಕ್ಷಿದಾರರ ಸಂದರ್ಶನ ಗಮನಿಸಿ ದಿನಚರಿ ಬರೆಯುವುದೂ ನಿಮ್ಮ ಪಠ್ಯಕ್ರಮದಲ್ಲೇ ಇದೆ. ಅಂಕಕ್ಕಾಗಿ ಕೊನೆಯ ರಾತ್ರಿ ನಕಲು ಮಾಡುವವರೇ ಹೆಚ್ಚು. ನೀವು ಪ್ರತಿ ಸಂಜೆ ಬಸ್ಸಿಳಿದ ಮೇಲೆ ಅರ್ಧ ಗಂಟೆ ಕುಳಿತು ಬರೆದರೆ, ‘ಆಸ್ತಿ ವಿಭಾಗದ ದಾವೆಯೊಂದರಲ್ಲಿ ದಾಖಲೆಗಳ ಪಟ್ಟಿ ಸಿದ್ಧಪಡಿಸಿದೆ, ತಡೆಯಾಜ್ಞೆಯ ಅರ್ಜಿಯ ಕರಡು ಬರೆದೆ’ ಎಂದು ನಿಖರವಾಗಿ ಹೇಳಲು ಸಾಧ್ಯವಾಗುತ್ತದೆ. ಮುಂದೆ ಸಂದರ್ಶನದಲ್ಲಿ ಕೇಳುವುದು ಆ ಕರಡಿನ ಬಗ್ಗೆ. ಕೊಂಡುತಂದ ಪ್ರಮಾಣಪತ್ರ ಆ ಮೊದಲ ಪ್ರಶ್ನೆಗೇ ಮೌನವಾಗುತ್ತದೆ.

ಗೆಳತಿಯರ ಮಾತಿನಲ್ಲಿ ನಿಜವೇ ಇಲ್ಲವೆಂದು ಹೇಳಲಾರೆ. ದೊಡ್ಡ ಕಾನೂನು ಸಂಸ್ಥೆಗಳು ತಮ್ಮಲ್ಲಿ ಇಂಟರ್ನ್ ಆಗಿ ದುಡಿದ ಕೊನೆಯ ವರ್ಷಗಳ ವಿದ್ಯಾರ್ಥಿಗಳಲ್ಲೇ ಹಲವರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತವೆ; ಆ ಬಾಗಿಲು ರಾಷ್ಟ್ರೀಯ ಕಾನೂನು ಶಾಲೆಗಳವರಿಗೆ ಬೇಗ ತೆರೆಯುತ್ತದೆ. ಕಂಪನಿ ಕಾನೂನಿನ ಕಡೆ ನಿಮ್ಮ ಮನಸ್ಸಿದ್ದರೆ ನಾಲ್ಕನೆಯ, ಐದನೆಯ ವರ್ಷದಲ್ಲಿ ಬೆಂಗಳೂರಿಗೆ ಹೋಗಲೇಬೇಕು, ಆಗ ಖರ್ಚು ಮಾಡುವುದಕ್ಕೆ ಅರ್ಥವಿದೆ. ಅಲ್ಲಿಯವರೆಗೆ ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಒಂದು ಅವಧಿ, ಉಚ್ಚ ನ್ಯಾಯಾಲಯದ ವಕೀಲರ ಬಳಿ ಒಂದು ಅವಧಿ ಎಂದು ಇಟ್ಟುಕೊಳ್ಳಿ. ಉಚ್ಚ ನ್ಯಾಯಾಲಯದ ಕಲಾಪದ ನೇರ ಪ್ರಸಾರವನ್ನು ಮನೆಯಿಂದಲೇ ನೋಡಿ ಸಿದ್ಧವಾಗಿ ಹೋಗಬಹುದು.

ಪದವಿಯ ನಂತರದ ಲೆಕ್ಕವನ್ನು ತಂದೆಯವರಿಗೆ ಈಗಲೇ ತಿಳಿಸಿಬಿಡಿ. ವಕೀಲರ ನೋಂದಣಿಗೆ ಸಾಮಾನ್ಯ ವರ್ಗದವರಿಂದ 750, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಂದ 125 ರೂಪಾಯಿಗಿಂತ ಹೆಚ್ಚು ನೋಂದಣಿ ಶುಲ್ಕ ಪಡೆಯುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2024ರ ಜುಲೈನಲ್ಲಿ ತೀರ್ಪು ನೀಡಿತು. ಅಖಿಲ ಭಾರತ ವಕೀಲರ ಪರೀಕ್ಷೆಯನ್ನೂ ಪಾಸು ಮಾಡಬೇಕು. ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಪ್ರದೇಶದಲ್ಲಿ 15,000 ರೂಪಾಯಿ ಕೊಡಬೇಕೆಂದು ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಹೇಳಿದೆಯಾದರೂ ಅದು ಶಿಫಾರಸು ಮಾತ್ರ. ಮೊದಲ ವರ್ಷಗಳ ಬಿಗಿತಕ್ಕೆ ಮನೆ ಸಿದ್ಧವಿರಬೇಕು. ಈಗ ಸಾಲ ಬೇಡವೆಂದದ್ದು ಅದಕ್ಕಾಗಿಯೇ.

ನ್ಯಾಯಾಧೀಶೆಯಾಗುವ ಆಸೆಯನ್ನೂ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. 2025ರ ಮೇ 20ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿಯನ್ನು ಮತ್ತೆ ಕಡ್ಡಾಯ ಮಾಡಿತು. ಆ ಅವಧಿ ತಾತ್ಕಾಲಿಕ ನೋಂದಣಿಯಿಂದ ಆರಂಭವಾಗುತ್ತದೆ. ಇಂಟರ್ನ್‌ಶಿಪ್‌ನ ವಾರಗಳು ಅದಕ್ಕೆ ಸೇರುವುದಿಲ್ಲ. ಕನಿಷ್ಠ ಹತ್ತು ವರ್ಷ ವೃತ್ತಿಯಲ್ಲಿರುವ ವಕೀಲರೊಬ್ಬರು ನಿಮ್ಮ ಅನುಭವವನ್ನು ದೃಢೀಕರಿಸಿ, ಆ ಜಿಲ್ಲೆಯ ಅಥವಾ ಊರಿನ ಪ್ರಧಾನ ನ್ಯಾಯಾಧೀಶರು ಅದಕ್ಕೆ ಒಪ್ಪಿಗೆಯ ಸಹಿ ಹಾಕುವುದು ಅದರ ಒಂದು ಕ್ರಮ. ಹಾಗೆ ದೃಢೀಕರಿಸಬಲ್ಲ ಹಿರಿಯರು ನಿಮ್ಮ ಕೆಲಸವನ್ನು ಈಗಿನಿಂದಲೇ ನೋಡುತ್ತಾ ಬರಲಿ.

ಮಡಿಕೇರಿಯ ವಕೀಲರಿಗೆ ಇಂದೇ ಒಂದು ಪುಟದ ಪತ್ರ ಬರೆಯಿರಿ. ನಿಮ್ಮ ವರ್ಷ, ಓದಿದ ವಿಷಯಗಳು, ಬಲ್ಲ ಭಾಷೆಗಳು, ಬರಬಹುದಾದ ದಿನಾಂಕಗಳು, ನೋಡಬೇಕೆಂದಿರುವ ಎರಡು ವಿಚಾರಣೆಗಳು ಇಷ್ಟೇ ಅದರಲ್ಲಿರಲಿ. ದಿನಾಂಕವನ್ನು ನ್ಯಾಯಾಲಯದ ರಜೆ ನೋಡಿ ಹಾಕಿ.

ಸಂಪಾದಕ