ಪ್ರತಿಕ್ರಿಯೆ: ಆ ಕ್ಲಾರಿನೆಟ್ ಧಾಟಿ ಯಾರದು?

ಕ್ಲಾರಿನೆಟ್ ಧಾಟಿಯಿರುವ ಹಳೆಯ ರೆಕಾರ್ಡಿನ ಮೇಲೆ ‘ಸ್ವೀಡಿಷ್ ರಾಪ್ಸಡಿ’ (ರಾಪ್ಸಡಿ ಅಂದರೆ ಧಾಟಿಗಳನ್ನು ಸ್ವಚ್ಛಂದವಾಗಿ ಹೆಣೆದ ವಾದ್ಯಕೃತಿ) ಅಂತಷ್ಟೇ ಇದೆ, ಮೂಲ ಯಾರದು, ಪೂರ್ತಿ ಕೃತಿ ಕೇಳಬಹುದೇ ಅಂತ ಕೇಳಿದ್ದೀರಿ. ಅದು ಸ್ವೀಡನ್‌ನ ಸಂಗೀತ ಸಂಯೋಜಕ ಹ್ಯೂಗೋ ಆಲ್ಫ್‌ವೇನ್ 1903ರಲ್ಲಿ ಬರೆದ ‘ಮಿಡ್‌ಸೊಮ್ಮರ್‌ವಾಕ’, ಅಂದರೆ ನಡುಬೇಸಿಗೆಯ ಜಾಗರಣೆ. ನಿಮ್ಮ ಕೈಯಲ್ಲಿರುವುದು ಬಹುಶಃ 1953ರಲ್ಲಿ ಲಘು ಸಂಗೀತದ ಆರ್ಕೆಸ್ಟ್ರಾ ನಿರ್ದೇಶಕರಾದ ಪರ್ಸಿ ಫೇಯ್ತ್ ಅಥವಾ ಮಾಂಟೊವಾನಿ ಜನಪ್ರಿಯಗೊಳಿಸಿದ ಮೊಟಕು ರೂಪ. ಕೇಳಲು ಹಿತವಾಗಿದೆ ನಿಜ, ಆದರೆ ಅದರಲ್ಲಿ ಕೃತಿಯ ಜೀವವೇ ಇಲ್ಲ ಅನ್ನಿಸುತ್ತೆ ನನಗೆ.

ಪೂರ್ತಿ ಕೃತಿ ಹನ್ನೆರಡು-ಹದಿಮೂರು ನಿಮಿಷ. ಬೇಸಿಗೆಯ ನಡುರಾತ್ರಿಯೂ ಸರಿಯಾಗಿ ಕತ್ತಲಾಗದ ಸ್ವೀಡನ್‌ನಲ್ಲಿ ಹಳ್ಳಿಯವರು ಬೆಳಗಿನವರೆಗೆ ಕುಣಿಯುವ ಹಬ್ಬದ ಚಿತ್ರ ಅದು. ಪಿಟೀಲಿನವರು ಕಮಾನು ಬಿಟ್ಟು ಬೆರಳಲ್ಲೇ ತಂತಿ ಮೀಟುತ್ತಾರೆ, ಅದರ ಮೇಲೆ ಕ್ಲಾರಿನೆಟ್. ಆಮೇಲೆ ಬಸೂನ್‌ಗಳು (ತಗ್ಗು ದನಿಯ ಊದುವ ವಾದ್ಯಗಳು) ಬರುತ್ತವೆ ನೋಡಿ, ಕುಡಿದವರು ತೂರಾಡಿದ ಹಾಗೆ! ಗದ್ದಲ ಜೋರಾಗಿ, ಒಮ್ಮೆಗೇ ಅಡಗಿ, ಇಂಗ್ಲಿಷ್ ಹಾರ್ನ್ ಎಂಬ ಊದುವ ವಾದ್ಯ ಒಂಟಿಯಾಗಿ ಹಾಡತೊಡಗುತ್ತದೆ. ಮೊಟಕು ರೂಪದಲ್ಲಿ ತಪ್ಪಿಹೋಗುವುದು ಇದೇ ಭಾಗ. ಕೊನೆಗೆ ಬೆಳಗಾಗುತ್ತಿದ್ದಂತೆ ಮತ್ತೆ ಕುಣಿತ.

ಆಲ್ಫ್‌ವೇನ್ ಸ್ವತಃ ಪಿಟೀಲು ವಾದಕ, ಸ್ಟಾಕ್‌ಹೋಮ್‌ನ ರಾಜ ಆರ್ಕೆಸ್ಟ್ರಾದಲ್ಲಿ ನುಡಿಸಿದವರು. ಸ್ವೀಡನ್‌ನ ಡಾಲಾರ್ನಾ ಪ್ರಾಂತ್ಯದ ಜನಪದ ಧಾಟಿಗಳು ಅವರಿಗೆ ಚೆನ್ನಾಗಿ ಗೊತ್ತಿದ್ದವು.

ವಾದ್ಯವೃಂದ ನಿರ್ದೇಶಕ ನೀಮೆ ಯಾರ್ವಿ ಸ್ಟಾಕ್‌ಹೋಮ್ ಫಿಲ್‌ಹಾರ್ಮಾನಿಕ್ ಆರ್ಕೆಸ್ಟ್ರಾ ಜೊತೆ ಮಾಡಿದ ಧ್ವನಿಮುದ್ರಣ ಹುಡುಕಿ. ಇಷ್ಟವಾದರೆ ಆಲ್ಫ್‌ವೇನ್ ಅವರ ಮೂರನೆಯ ರಾಪ್ಸಡಿ, ‘ಡಾಲರಾಪ್ಸಡಿ’ ಕೇಳಿ. ಅದು ಸೊಪ್ರಾನೊ ಸ್ಯಾಕ್ಸೊಫೋನ್‌ನಿಂದ ಶುರುವಾಗುತ್ತೆ, ಬಹಳ ಗಂಭೀರ. ಎರಡನೆಯ ರಾಪ್ಸಡಿಯನ್ನು ಸದ್ಯಕ್ಕೆ ಬಿಟ್ಟರೂ ನಡೆಯುತ್ತೆ.