ಹದಿನೇಳು ವರ್ಷದ ಕಾರು, ಒಂದು ತಪ್ಪು ಲೆಕ್ಕ

ಓದುಗರ ಪತ್ರ: ನಮ್ಮ ಚಿಕ್ಕ ಕಾರಿಗೆ 17 ವರ್ಷ. 1,38,000 ಕಿಲೋಮೀಟರ್ ಓಡಿದೆ. ಕ್ಲಚ್ ಪ್ಲೇಟ್, ಇಂಜಿನ್ ಮೌಂಟಿಂಗ್, ಮುಂದಿನ ಸಸ್ಪೆನ್ಷನ್ ಬುಷ್ ಎಲ್ಲ ಬದಲಾಯಿಸಬೇಕು ಅಂತ ಮೆಕ್ಯಾನಿಕ್ ಪಟ್ಟಿ ಕೊಟ್ಟಿದ್ದಾರೆ. ಮಾರಿದರೆ ಬರುವ ದುಡ್ಡಿನಲ್ಲಿ ಅರ್ಧ ಈ ರಿಪೇರಿಗೇ ಹೋಗುತ್ತದೆ. ಸುಮ್ನೆ ಮಾರಿಬಿಡಿ ಅಂತಾನೆ ಮಗ. ನನಗೆ ಮನಸ್ಸಿಲ್ಲ. ನನ್ನದು ಬರೀ ಹಟವೇ?

ಸಂಪಾದಕರ ಉತ್ತರ: ಹಟವೇ. ಬಿಡಬೇಡಿ.

ಮೊದಲು ಮಗನಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. ಸುರಕ್ಷತೆಯಲ್ಲಿ ಹೊಸ ಕಾರು ಮುಂದಿದೆ, ವಾದವಿಲ್ಲ. 1997ರಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಯುರೋಪಿನ ಸಂಸ್ಥೆ ಯೂರೋ ಎನ್‌ಕ್ಯಾಪ್‌ನವರು ಮೊದಲ ಸಲ ಕಾರುಗಳನ್ನು ಗುದ್ದಿಸಿ ಫಲಿತಾಂಶ ಪ್ರಕಟಿಸಿದಾಗ ರೋವರ್ 100 ಅನ್ನೋ ಪುಟ್ಟ ಕಾರಿಗೆ ಸಿಕ್ಕಿದ್ದು ಒಂದೇ ನಕ್ಷತ್ರ. ಅದರ ಮೂಲ ವಿನ್ಯಾಸ 1980ರದ್ದು. ಆ ವರ್ಷ ಮುಗಿಯುವಷ್ಟರಲ್ಲಿ ಅದರ ತಯಾರಿಕೆಯೇ ನಿಂತುಹೋಯಿತು. ದಿನಾ ಹೆದ್ದಾರಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓಡಾಡುವವರಾದರೆ ಮಗನ ಮಾತು ಕೇಳಿ. ಬಾಡಿಯ ಅಡಿಭಾಗ ತುಕ್ಕು ತಿಂದು ತೂತಾಗಿದ್ದರೂ ಅಷ್ಟೇ. ಮಗನ ಪರವಾಗಿ ಇಷ್ಟು ಸಾಕು.

ಈಗ ಲೆಕ್ಕಕ್ಕೆ ಬನ್ನಿ. ರಿಪೇರಿ ಬಿಲ್ಲನ್ನು ಕಾರು ಮಾರಿದರೆ ಬರುವ ದುಡ್ಡಿನ ಪಕ್ಕ ಇಟ್ಟು ನೋಡುತ್ತಿದ್ದೀರಿ. ನೂರರಲ್ಲಿ ತೊಂಬತ್ತು ಜನ ಎಡವುವುದು ಇಲ್ಲೇ. ನೀವು ಮಾರುವವರಲ್ಲ, ಓಡಿಸುವವರು. ಕೊಳ್ಳುವವನು ನಿಮ್ಮ ಕಾರಿಗೆ ಎಷ್ಟು ಕೊಡುತ್ತಾನೆ ಅನ್ನೋದು ಅವನ ಚಿಂತೆ. ಈ ಬಿಲ್ಲನ್ನು ಹೊಸ ಕಾರಿನ ಒಂದು ವರ್ಷದ ಕಂತಿನ ಪಕ್ಕ ಇಡಿ. ಹೊಸದು ಮೊದಲ ವರ್ಷದಲ್ಲೇ ಕಳೆದುಕೊಳ್ಳುವ ಬೆಲೆಯನ್ನೂ ಅದಕ್ಕೆ ಸೇರಿಸಿ. ಆಮೇಲೆ ಆ ಕಾಗದವನ್ನು ಮಗನ ಕೈಗೆ ಕೊಡಿ. ಬೆಲೆ ಕಳೆದುಕೊಳ್ಳೋ ಕೆಲಸವನ್ನು ನಿಮ್ಮ ಕಾರು ಎಂದೋ ಮುಗಿಸಿಕೊಂಡಿದೆ.

ನಿಮ್ಮನ್ನೂ ಸ್ವಲ್ಪ ಬೈಯಬೇಕು. ಎಷ್ಟು ಕಿಲೋಮೀಟರ್ ಓಡಿದೆ ಅಂತ ಬರೆದಿರಿ. ಬ್ರೇಕ್ ಆಯಿಲ್ ಬದಲಾಯಿಸಿ ಎಷ್ಟು ವರ್ಷ ಆಯ್ತು ಅಂತ ಬರೆಯಲಿಲ್ಲ. ಕೂಲೆಂಟ್ ಸುದ್ದಿಯೂ ಇಲ್ಲ. 17 ವರ್ಷಕ್ಕೆ ನಿಮ್ಮದು ತೀರಾ ಕಮ್ಮಿ ಓಡಿದ ಕಾರು. ಕಮ್ಮಿ ಓಡಿದ ಹಳೇ ಕಾರಿಗೆ ದೂರಕ್ಕಿಂತ ಕ್ಯಾಲೆಂಡರ್ ಜಾಸ್ತಿ ಕಾಟ ಕೊಡುತ್ತದೆ. ಇಂಜಿನ್ನಿನ ಕಬ್ಬಿಣ ಬೇಗ ಸೋಲುವುದಿಲ್ಲ, ಸೋಲುವುದು ರಬ್ಬರ್. ನಿಮ್ಮ ಪಟ್ಟಿಯನ್ನೇ ನೋಡಿ: ಮೌಂಟಿಂಗ್, ಬುಷ್. ರಬ್ಬರ್, ರಬ್ಬರ್. ಇಂಜಿನ್ನಿನಲ್ಲಿ ಪಿಸ್ಟನ್ ಮತ್ತು ವಾಲ್ವ್‌ಗಳ ತಾಳ ಹೊಂದಿಸುವ ಟೈಮಿಂಗ್ ಬೆಲ್ಟ್ ಇದ್ದರೆ ಅದೂ ರಬ್ಬರೇ. ಅದು ಹೇಳದೆ ಕೇಳದೆ ತುಂಡಾದರೆ ಎಷ್ಟೋ ಇಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಕುಡಿಯುವ ಜಾತಿ. ಡಾಟ್ 4 ದರ್ಜೆಯದು ಹೊಸದಿದ್ದಾಗ ಕಡಿಮೆಯೆಂದರೂ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಸೇರಿದ ಮೇಲೆ ಅದಕ್ಕಿರುವ ಮಿತಿ 155. ಇಳಿಜಾರಿನಲ್ಲಿ ಬ್ರೇಕ್ ಕಾದು, ಆಯಿಲ್ ಕುದ್ದು, ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋದಾಗ ಈ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ.

ನನ್ನ ಕಾರು ನಿಮ್ಮದಕ್ಕಿಂತ ಎರಡು ವರ್ಷ ದೊಡ್ಡದು. ಒಂದು ಸಲ ಸ್ಟಾರ್ಟಿಂಗ್ ಟ್ರಬಲ್ ಶುರುವಾಯಿತು. ಕೀ ತಿರುಗಿಸಿದರೆ ಟಕ್ ಅನ್ನುತ್ತಿತ್ತು, ಅಷ್ಟೇ. ಒಂದು ಗ್ಯಾರೇಜಿನವರು ಬ್ಯಾಟರಿ ಬದಲಾಯಿಸಿದರು. ವಾರ ಬಿಟ್ಟು ಸ್ಟಾರ್ಟರ್ ಮೋಟಾರನ್ನೂ ಬದಲಾಯಿಸಿದರು. ಮತ್ತೆ ಟಕ್. ಕೊನೆಗೆ ಒಬ್ಬ ವಯಸ್ಸಾದ ಮೆಕ್ಯಾನಿಕ್ ಬಾನೆಟ್ ಎತ್ತಿ, ಬ್ಯಾಟರಿ ಕಡೆ ತಿರುಗಿಯೂ ನೋಡದೆ, ಇಂಜಿನ್ನಿಂದ ಕಾರಿನ ಬಾಡಿಯವರೆಗೆ ಹೋಗುವ ಅರ್ಥ್ ವೈರಿನ ಬೋಲ್ಟ್ ಬಿಚ್ಚಿದರು. ಅದರ ಅಡಿಯಲ್ಲಿ ಹಸಿರು ಪುಡಿ. ಎಮರಿ ಪೇಪರಿನಿಂದ ಹೊಳೆಯುವ ತನಕ ಉಜ್ಜಿ ಮತ್ತೆ ಬಿಗಿದರು. ಹತ್ತು ನಿಮಿಷ! ಕರೆಂಟ್ ವಾಪಸ್ ಬರುವ ದಾರಿಯೇ ಮುಚ್ಚಿದ್ದರೆ ಬ್ಯಾಟರಿ ಏನು ಮಾಡೀತು?

ಇನ್ನೊಂದು. ತಿರುವಿನಲ್ಲಿ ಎಡಗಡೆ ಬಾಗಿಲೊಳಗೆ ಗುಳುಗುಳು ಸದ್ದು. ಬಾಗಿಲಿನ ತಳದ ಅಂಚಿನಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಬೆಂಕಿಕಡ್ಡಿ ಹಾಕಿ ಕೆದಕಿದೆ. ಮೊದಲು ಕೆಸರು ಬಂತು, ಆಮೇಲೆ ಕಂದು ನೀರು, ಲೋಟಗಟ್ಟಲೆ. ಎಷ್ಟು ದಿನದಿಂದ ನಿಂತಿತ್ತೋ. ಬಾಗಿಲು ಒಳಗಿಂದ ಕೊಳೆಯುವುದು ಹೀಗೆಯೇ. ಈ ಕೆಲಸ ಯಾವ ಸರ್ವಿಸ್ ಬಿಲ್ಲಿನಲ್ಲೂ ನಾನು ಕಂಡಿಲ್ಲ.

ಬಿಲ್ಲಿನಲ್ಲಿ ಇರುವುದೆಲ್ಲ ಬದಲಾಯಿಸೋದೇ, ಅಲ್ವಾ? ಉಜ್ಜೋದು, ಕೆದಕೋದು, ಬಿಗಿಯೋದು ಯಾರಿಗೂ ಲಾಭವಲ್ಲ. 1920ರ ದಶಕದಲ್ಲಿ ಅಮೆರಿಕದ ಕಾರು ಕಂಪನಿ ಜನರಲ್ ಮೋಟಾರ್ಸ್‌ನ ಮುಖ್ಯಸ್ಥ ಆಲ್ಫ್ರೆಡ್ ಸ್ಲೋನ್ ವರ್ಷವರ್ಷವೂ ಮಾದರಿ ಬದಲಿಸುವ ಪದ್ಧತಿಯನ್ನು ಬೆಳೆಸಿದರು. ಕಾರು ಕೆಡುವ ಮೊದಲೇ ಅದರ ಮೇಲಿನ ನಮ್ಮ ಆಸೆ ಕೆಡಬೇಕು! ನೂರು ವರ್ಷ ಆಗುತ್ತಾ ಬಂತು, ಆಸೆ ತಪ್ಪದೆ ಕೆಡುತ್ತಲೇ ಇದೆ. ಈಗ ಕೆಲವು ಕಾರುಗಳಲ್ಲಿ ಆಯಿಲ್ ನೋಡುವ ಕಡ್ಡಿಯೇ ಇಲ್ಲ. ಸ್ಟೆಪ್ನಿ ಇದ್ದ ಜಾಗದಲ್ಲಿ ಪಂಕ್ಚರ್ ಅಂಟಿನ ಡಬ್ಬಿ. ಗೇರ್‌ಬಾಕ್ಸ್ ಆಯಿಲ್ ಜೀವಮಾನಕ್ಕೆ ಸಾಕು ಅಂತಾರೆ. ಯಾರ ಜೀವಮಾನ? ವಾರಂಟಿಯದ್ದು ಅಂತ ನನ್ನ ಗುಮಾನಿ. ಮೊನ್ನೆ ಅಂಗಡಿಯಲ್ಲಿ ಮಿಕ್ಸಿ ತೋರಿಸಿ ಬುಷ್ ಹಾಕಿಕೊಡಿ ಅಂದರೆ ಹೊಸದೇ ತಗೊಳ್ಳಿ ಸಾರ್ ಅಂದರು. ಇರಲಿ, ಮಿಕ್ಸಿ ಬೇರೆ ಕಥೆ.

ಇರ್ವ್ ಗಾರ್ಡನ್ ಅನ್ನೋ ಅಮೆರಿಕದ ಮೇಷ್ಟ್ರು 1966ರಲ್ಲಿ ಕೊಂಡ ವೋಲ್ವೊ ಪಿ1800 ಕಾರನ್ನು 2013ರ ಹೊತ್ತಿಗೆ 30 ಲಕ್ಷ ಮೈಲಿ ಓಡಿಸಿದ್ದರು. ಅವರ ಗುಟ್ಟು ಸಪ್ಪೆ: ಕಂಪನಿ ಹೇಳಿದ ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾವಣೆ. ಅಷ್ಟು ದೂರ ನೀವು ಹೋಗುವುದು ಬೇಡ. ಪಟ್ಟಿಯ ಮೂರೂ ಕೆಲಸ ಮಾಡಿಸಿ. ಕ್ಲಚ್‌ಗೆಂದು ಗೇರ್‌ಬಾಕ್ಸ್ ಇಳಿಸಿದಾಗಲೇ ರಿಲೀಸ್ ಬೇರಿಂಗನ್ನೂ ಬದಲಾಯಿಸಿ, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ನೋಡಲು ಹೇಳಿ. ಅದಕ್ಕಾಗಿ ಮತ್ತೊಮ್ಮೆ ಇಳಿಸಿದರೆ ಕೂಲಿ ಎರಡೆರಡು ಸಲ. ಒಂದು ನೋಟ್‌ಬುಕ್ ಇಡಿ. ತಾರೀಕು, ಮೀಟರ್, ಏನು ಹಾಕಿದಿರಿ, ಮೂರೇ ಕಾಲಂ.

ಹಾಗೇ ಟೈರಿನ ಪಕ್ಕದಲ್ಲಿ DOT ಅನ್ನೋ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಐದೂ ಟೈರಿನದ್ದು ನೋಡಿ ನನಗೆ ಬರೆಯಿರಿ. ಐದನೆಯದು ಸ್ಟೆಪ್ನಿ. ಅದಕ್ಕೂ 17 ವರ್ಷ ಆಗಿದೆ ಅಂತ ನನ್ನ ಅನುಮಾನ.