ಸ್ಟ್ರಕ್ಟ್‌ನೊಳಗಿನ ನಾಲ್ಕು ಖಾಲಿ ಬೈಟ್‌ಗಳು

ಗ್ರಾಫಿಕ್ಸ್ ಡ್ರೈವರ್ ಬರೆಯುವ ಓದುಗರು ಈ ಅಂಕಣಕ್ಕೆ ಕಳುಹಿಸುವ ಪ್ರಶ್ನೆಗಳಲ್ಲಿ ಹೆಚ್ಚಿನವು ಹಳೆಯವೇ. ಯಂತ್ರದ ಹೆಸರು ಮಾತ್ರ ಬದಲಾಗಿರುತ್ತದೆ. ಅವುಗಳಲ್ಲಿ ಒಂದಕ್ಕೆ ಈ ಬಾರಿ ವಿವರವಾಗಿ ಉತ್ತರಿಸುತ್ತಿದ್ದೇನೆ. ಮತ್ತೆ ಅದೇ ಬಂದರೆ ಈ ಪುಟವನ್ನೇ ತೋರಿಸುವುದು ನನ್ನ ಉದ್ದೇಶ.

ಪ್ರಶ್ನೆ: ನಮ್ಮ ಲಿನಕ್ಸ್ ಡ್ರೈವರ್ 64 ಬಿಟ್ ಅಪ್ಲಿಕೇಶನ್‌ಗಳೊಂದಿಗೆ ಸರಿಯಾಗಿಯೇ ಕೆಲಸ ಮಾಡುತ್ತದೆ. ಅದೇ ಕರ್ನಲ್ ಮೇಲೆ 32 ಬಿಟ್ ಆಟವೊಂದನ್ನು ಓಡಿಸಿದರೆ ತೆರೆಯಲ್ಲಿ ಕಸ ಕಾಣುತ್ತದೆ. ಕರ್ನಲ್‌ಗೆ ಕಳುಹಿಸುವ ಸ್ಟ್ರಕ್ಟ್‌ನಲ್ಲಿ (ಹಲವು ಮೌಲ್ಯಗಳ ಕಟ್ಟಿನಲ್ಲಿ) ನಿಗದಿತ ಅಗಲದ ಟೈಪ್‌ಗಳನ್ನೇ ಬಳಸಿದ್ದೇವೆ. ಇದು ಕಂಪೈಲರ್‌ನ ದೋಷವೇ?

ಕಂಪೈಲರ್ ಮೇಲೆ ಗೂಬೆ ಕೂರಿಸುವ ಮುನ್ನ ನೀವೇ ಕಳುಹಿಸಿರುವ ಸ್ಟ್ರಕ್ಟನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ಮೊದಲು ಹ್ಯಾಂಡಲ್ ಎಂಬ ಯು32 (ನಾಲ್ಕು ಬೈಟ್‌ನ ಪೂರ್ಣಾಂಕ), ನಂತರ ಆಫ್‌ಸೆಟ್ ಎಂಬ ಯು64 (ಎಂಟು ಬೈಟ್‌ನದು), ಕೊನೆಗೆ ಫ್ಲ್ಯಾಗ್ಸ್ ಎಂಬ ಯು32 ಇವೆ. ಪ್ರತಿ ಸದಸ್ಯನ ಅಗಲ ಎಲ್ಲೆಡೆಯೂ ಒಂದೇ ಎಂಬುದು ನಿಜ, ಆದರೆ ಅವು ಕೂರುವ ಜಾಗ ಒಂದೇ ಅಲ್ಲ. 64 ಬಿಟ್ ಎಕ್ಸ್86ರಲ್ಲಿ ಯು64 ಎಂಟರ ಎಲ್ಲೆಯಲ್ಲೇ (ಎಂಟರಿಂದ ಭಾಗವಾಗುವ ಸ್ಥಾನದಲ್ಲೇ) ಕೂರಬೇಕಾದ್ದರಿಂದ ಹ್ಯಾಂಡಲ್‌ನ ಬಳಿಕ ನಾಲ್ಕು ಬೈಟ್ ಖಾಲಿ ಬಿದ್ದು, ಆಫ್‌ಸೆಟ್ 8ನೇ ಬೈಟ್‌ಗೂ ಫ್ಲ್ಯಾಗ್ಸ್ 16ನೇ ಬೈಟ್‌ಗೂ ಹೋಗಿ, ಒಟ್ಟು ಗಾತ್ರ 24 ಆಗುತ್ತದೆ. ಲಿನಕ್ಸ್‌ನ 32 ಬಿಟ್ ಎಕ್ಸ್86ರಲ್ಲಿ ಸ್ಟ್ರಕ್ಟ್‌ನೊಳಗಿನ ಯು64ಗೆ ನಾಲ್ಕರ ಎಲ್ಲೆ ಸಾಕು. ಅಲ್ಲಿ ಆಫ್‌ಸೆಟ್ 4ರಲ್ಲಿ, ಫ್ಲ್ಯಾಗ್ಸ್ 12ರಲ್ಲಿ, ಒಟ್ಟು ಗಾತ್ರ 16.

ಈಗ ಆಟವು ಆಫ್‌ಸೆಟ್ 4096, ಫ್ಲ್ಯಾಗ್ಸ್ 1 ಎಂದು ತುಂಬಿ ಐಆಕ್ಟಲ್ (ಪ್ರೋಗ್ರಾಂ ಡ್ರೈವರ್‌ಗೆ ಆದೇಶ ಕೊಡುವ ದಾರಿ) ಕರೆಯಿತು ಎನ್ನಿ. ಕರ್ನಲ್‌ನ ಗ್ರಾಫಿಕ್ಸ್ ಭಾಗವಾದ ಡಿಆರ್‌ಎಂ ಗಾತ್ರದ ವ್ಯತ್ಯಾಸವನ್ನು ದೂರುವುದಿಲ್ಲ. ಬಂದ 16 ಬೈಟ್‌ಗಳನ್ನು ನಕಲಿಸಿಕೊಂಡು ಉಳಿದುದಕ್ಕೆ ಸೊನ್ನೆ ತುಂಬುತ್ತದೆ. ನಿಮ್ಮ ಡ್ರೈವರ್ 8ನೇ ಬೈಟ್‌ನಿಂದ ಆಫ್‌ಸೆಟ್ ಓದಿದಾಗ ಅದಕ್ಕೆ ಸಿಗುವುದು ನಿಜವಾದ ಆಫ್‌ಸೆಟ್‌ನ ಮೇಲರ್ಧ ಮತ್ತು ಫ್ಲ್ಯಾಗ್ಸ್, ಅಂದರೆ 4294967296. ಫ್ಲ್ಯಾಗ್ಸ್ ಇರಬೇಕಾದ ಜಾಗದಲ್ಲಿ ಸೊನ್ನೆ. ಆಫ್‌ಸೆಟ್ ಮತ್ತು ಫ್ಲ್ಯಾಗ್ಸ್ ಎರಡೂ ಸೊನ್ನೆಯಾಗಿದ್ದರೆ ಮಾತ್ರ ಎಲ್ಲವೂ ಸರಿಯಾಗಿ ನಡೆಯುತ್ತದೆ. ನಿಮ್ಮ ಪರೀಕ್ಷೆಗಳು ಪಾಸಾಗಿರುವುದು ಬಹುಶಃ ಈ ಕಾರಣಕ್ಕೇ. 32 ಬಿಟ್ ಆರ್ಮ್ ಬೋರ್ಡ್‌ನಲ್ಲಿ ಪರೀಕ್ಷಿಸಿದ್ದೇವೆ ಎಂದೂ ಬರೆದಿದ್ದೀರಿ. ಅಲ್ಲಿ ಯು64ಗೆ ಎಂಟರ ಎಲ್ಲೆಯೇ ಇರುವುದರಿಂದ ಈ ರೋಗ ಅಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ.

ಇದಕ್ಕೆ ಖಾಲಿ ಬೈಟ್‌ಗಳನ್ನೇ ತೆಗೆದುಹಾಕಿಸುವ ಪ್ರಾಗ್ಮಾ ಪ್ಯಾಕ್ ಎಂಬ ಸರ್ವರೋಗ ನಿವಾರಕ ಲೇಹ್ಯವನ್ನು ಸೂಚಿಸುವವರು ಊರಿಗೊಬ್ಬರಿದ್ದಾರೆ. ಅದನ್ನು ಹಚ್ಚಿದರೆ ಬಿಡುಗಡೆಯಾಗಿರುವ 64 ಬಿಟ್ ಲೈಬ್ರರಿಗಳೂ ಅದೇ ದಿನ ಮುರಿಯುತ್ತವೆ. ಜೊತೆಗೆ, ಪ್ಯಾಕ್ ಮಾಡಿದ ಸದಸ್ಯನ ವಿಳಾಸವನ್ನು ಇನ್ನೊಂದು ಫಂಕ್ಷನ್‌ಗೆ ಕೊಟ್ಟೊಡನೆ ಎಲ್ಲೆ ತಪ್ಪಿರುವ ಸಂಗತಿ ಕಂಪೈಲರ್‌ಗೆ ಮರೆತುಹೋಗುತ್ತದೆ, ಮತ್ತು ಅದನ್ನು ಸಹಿಸದ ಪ್ರೊಸೆಸರ್ ಅಲ್ಲಿಯೇ ಕೈಯೆತ್ತುತ್ತದೆ.

ಹೊಸ ಸ್ಟ್ರಕ್ಟ್ ಆಗಿದ್ದರೆ ಯು64ಗಳನ್ನು ಮೊದಲಿಗೆ ಇಡಿ, ಒಟ್ಟು ಗಾತ್ರವನ್ನು ಎಂಟರ ಗುಣಕವಾಗಿಸಿ, ಉಳಿದ ಖಾಲಿ ಜಾಗಕ್ಕೆ ಪ್ಯಾಡ್ ಎಂದು ಹೆಸರಿಟ್ಟು ನೀವೇ ತುಂಬಿ. ಕೊನೆಯ ಪ್ಯಾಡ್ ಬೇಕಿಲ್ಲ ಎನ್ನುವವರು ಒಂದು ಯು64, ಒಂದು ಯು32 ಇರುವ ಸ್ಟ್ರಕ್ಟ್‌ನ ಗಾತ್ರವನ್ನು ಎರಡೂ ಕಡೆ ಅಳೆಯಲಿ: ಒಂದೆಡೆ 12, ಇನ್ನೊಂದೆಡೆ 16. ಅದರ ಅರೇಯನ್ನು ಕಳುಹಿಸಿದರೆ ಎರಡನೆಯ ಅಂಶದಿಂದಲೇ ಎಲ್ಲವೂ ಜಾರುತ್ತದೆ. ಪ್ಯಾಡ್‌ನಲ್ಲಿ ಸೊನ್ನೆಯ ಹೊರತು ಬೇರೇನಿದ್ದರೂ ಕರ್ನಲ್ ಕರೆಯನ್ನು ತಿರಸ್ಕರಿಸಬೇಕು, ಇಲ್ಲವಾದರೆ ಯಾರದೋ ಪ್ರೋಗ್ರಾಂ ಅಲ್ಲಿ ಕಸ ತುಂಬಿ ಕಳುಹಿಸಿ, ಆ ಜಾಗವನ್ನು ಮುಂದೆಂದೂ ಬಳಸಲಾಗದಂತೆ ಮಾಡಿಬಿಡುತ್ತದೆ.

ಪಾಯಿಂಟರ್‌ಗಳನ್ನೂ ಯು64 ಆಗಿಯೇ ಕಳುಹಿಸಿ, ಆದರೆ ನೇರವಾಗಿ ಕಾಸ್ಟ್ ಮಾಡಬೇಡಿ. ಚಿಕ್ಕ ಪಾಯಿಂಟರನ್ನು ದೊಡ್ಡ ಪೂರ್ಣಾಂಕಕ್ಕೆ ಪರಿವರ್ತಿಸುವಾಗ ಜಿಸಿಸಿ ಕಂಪೈಲರ್ ಚಿಹ್ನೆಯ ಬಿಟ್ಟನ್ನು ಮೇಲಕ್ಕೆ ಎಳೆಯುತ್ತದೆ. ಹಾಗಾಗಿ 32 ಬಿಟ್ ಪ್ರೋಗ್ರಾಂನಲ್ಲಿ ಎರಡು ಜಿಬಿಗಿಂತ ಮೇಲಿರುವ ವಿಳಾಸದ ಮೇಲರ್ಧವೆಲ್ಲ ಒಂದುಗಳಿಂದ ತುಂಬಿಹೋಗುತ್ತದೆ. ಮೊದಲು ಯುಇಂಟ್‌ಪಿಟಿಆರ್_ಟಿ (ಪಾಯಿಂಟರ್ ಹಿಡಿಸುವ, ಚಿಹ್ನೆಯಿಲ್ಲದ ಪೂರ್ಣಾಂಕ) ಆಗಿ ಬದಲಿಸಿ, ಆಮೇಲೆ ಯು64 ಆಗಿ. ಹಿಂದೆ ನಾನಿದ್ದ ಒಂದು ತಂಡದಲ್ಲಿ ಈ ಒಂದು ಕಾಸ್ಟ್ ಹುಡುಕಲು ಎರಡು ವಾರ ಹಿಡಿಯಿತು. ಕಂಪೈಲರ್ ಎಚ್ಚರಿಕೆ ಕೊಟ್ಟಿತ್ತು, ಯಾರೋ ಅದನ್ನು ಆಫ್ ಮಾಡಿಟ್ಟಿದ್ದರು.

ನಿಮ್ಮ ಸ್ಟ್ರಕ್ಟ್ ಈಗಾಗಲೇ ಹೊರಗೆ ಹೋಗಿರುವುದರಿಂದ ಅದನ್ನು ಮುಟ್ಟುವಂತಿಲ್ಲ. 32 ಬಿಟ್ ವಿನ್ಯಾಸದ ಇನ್ನೊಂದು ಸ್ಟ್ರಕ್ಟನ್ನು ಕಂಪ್ಯಾಟ್_ಯು64 (32 ಬಿಟ್ ಪ್ರೋಗ್ರಾಂಗಳ ಎಲ್ಲೆಯನ್ನು ಪಾಲಿಸುವ ಯು64) ಬಳಸಿ ಕರ್ನಲ್‌ನಲ್ಲಿ ಬರೆದು, 32 ಬಿಟ್ ಪ್ರೋಗ್ರಾಂಗಳ ಕರೆಗಳನ್ನು ಸ್ವೀಕರಿಸುವ ಕಂಪ್ಯಾಟ್ ಐಆಕ್ಟಲ್‌ನಲ್ಲಿ ಒಂದೊಂದು ಸದಸ್ಯನನ್ನೂ ವರ್ಗಾಯಿಸಿ. ಇದು ಶಾಶ್ವತ ಹೊರೆ. ಡಿಆರ್‌ಎಂ ಕೂಡ ತನ್ನ ಹಳೆಯ ಐಆಕ್ಟಲ್‌ಗಳಿಗಾಗಿ ಇಂಥದೊಂದು ಕಡತವನ್ನು ಹೊತ್ತುಕೊಂಡೇ ಬಂದಿದೆ. ಮುಂದಿನ ಸ್ಟ್ರಕ್ಟನ್ನಾದರೂ ಬಿಡುಗಡೆಗೆ ಮೊದಲು ಪಹೋಲ್ ಉಪಕರಣಕ್ಕೆ ಕೊಡಿ, ಒಳಗಿನ ತೂತುಗಳನ್ನು ಅದು ಎಣಿಸಿ ತೋರಿಸುತ್ತದೆ. ಗಾತ್ರಕ್ಕೊಂದು ಸ್ಟ್ಯಾಟಿಕ್ ಅಸರ್ಟ್ (ಕಂಪೈಲ್ ಆಗುವಾಗಲೇ ನಡೆಯುವ ತಪಾಸಣೆ) ಬರೆದು 32 ಬಿಟ್ ಎಕ್ಸ್86ಗೂ ಕಂಪೈಲ್ ಮಾಡಿ. ಆ ಯಂತ್ರ ಈಗ ಯಾರ ಬಳಿ ಇದೆ ಎಂದು ಕೇಳಬೇಡಿ, ನಿಮ್ಮ ಆಟಗಾರರ ಬಳಿ ಇಂದಿಗೂ 32 ಬಿಟ್ ಆಟಗಳಿವೆ.

ಪ್ರಶ್ನೆ: 64 ಬಿಟ್ ಯಂತ್ರದಲ್ಲಿ ಸಿ ಭಾಷೆಯ ಲಾಂಗ್ ಟೈಪ್ ಎಂದರೆ 64 ಬಿಟ್ ತಾನೇ?

ವಿಂಡೋಸ್‌ನಲ್ಲಿ 32.

ಪ್ರಶ್ನೆ: ರಿಜಿಸ್ಟರ್‌ಗಳಿಗೆ ವೋಲಟೈಲ್ ಪಾಯಿಂಟರ್ ಬಳಸಿದ್ದೇನೆ. ಪಿಸಿಯಲ್ಲಿ ಸರಿಯಿದೆ, ಆರ್ಮ್ ಬೋರ್ಡ್‌ನಲ್ಲಿ ಆಗಾಗ ಜಿಪಿಯು ಹಳೆಯ ಕಮಾಂಡ್‌ಗಳನ್ನು ಓದುತ್ತದೆ.

ವೋಲಟೈಲ್ ಕಟ್ಟಿಹಾಕುವುದು ಕಂಪೈಲರನ್ನು, ಪ್ರೊಸೆಸರನ್ನಲ್ಲ. ಎಕ್ಸ್86 ಸಾಮಾನ್ಯ ಬರಹಗಳ ಕ್ರಮವನ್ನು ಕಾಪಾಡುವುದರಿಂದ ನಿಮ್ಮ ತಪ್ಪು ಅಲ್ಲಿ ಮುಚ್ಚಿಹೋಗಿತ್ತು. ಆರ್ಮ್ ಅಂಥ ಉಪಕಾರ ಮಾಡುವುದಿಲ್ಲ. ರಿಂಗ್‌ಗೆ (ಮೆಮೊರಿಯಲ್ಲಿರುವ ಕಮಾಂಡ್‌ಗಳ ಸಾಲಿಗೆ) ಕಮಾಂಡ್ ಬರೆದ ಬಳಿಕ ಡೋರ್‌ಬೆಲ್ (ಜಿಪಿಯುಗೆ ಸುದ್ದಿ ಮುಟ್ಟಿಸುವ ರಿಜಿಸ್ಟರ್) ಒತ್ತಲು ಕರ್ನಲ್‌ನ ರೈಟ್‌ಎಲ್ ಬಳಸಿ. ಅದರೊಳಗೆ ಬರಹಗಳ ಕ್ರಮ ಕಾಯುವ ತಡೆ ಇದೆ. ವೇಗದ ಆಸೆಯಿಂದ ರಿಲ್ಯಾಕ್ಸ್ಡ್ ರೂಪವನ್ನು ಬಳಸುವವರು ತಡೆಯನ್ನು ತಾವೇ ಹಾಕಬೇಕು. ಇನ್ನೂ ಒಂದು ವೋಲಟೈಲ್ ಸೇರಿಸಿ ನೋಡುತ್ತೇನೆ ಎನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ.

ಪ್ರಶ್ನೆ: ರಿಜಿಸ್ಟರ್‌ಗಳನ್ನು ಬಿಟ್‌ಫೀಲ್ಡ್‌ಗಳಾಗಿ ಬರೆದರೆ ಓದಲು ಚೆನ್ನಾಗಿರುತ್ತದೆ, ಬರೆಯಬಹುದೇ?

ಬೇಡ. ಬಿಟ್‌ಗಳು ಯಾವ ತುದಿಯಿಂದ ತುಂಬುತ್ತವೆ ಎಂಬುದನ್ನು ಸಿ ಮಾನದಂಡ ಕಂಪೈಲರ್‌ನ ಇಚ್ಛೆಗೆ ಬಿಟ್ಟಿದೆ. ಶಿಫ್ಟ್ ಮತ್ತು ಮಾಸ್ಕ್ ಬಳಸಿ.

ಪ್ರಶ್ನೆ: ಪಿಕ್ಸೆಲ್ ಸ್ವರೂಪ ಎಕ್ಸ್‌ಆರ್‌ಜಿಬಿ8888 ಎಂದು ಕೊಟ್ಟರೂ ಕೆಂಪು, ನೀಲಿ ಅದಲುಬದಲಾಗಿವೆ.

ಆ ಹೆಸರು ಲಿಟಲ್ ಎಂಡಿಯನ್ (ಕೆಳಗಿನ ಬೈಟ್ ಮೊದಲು ಬರುವ) 32 ಬಿಟ್ ಪದದ್ದು. ಮೆಮೊರಿಯಲ್ಲಿ ಮೊದಲು ಬರುವ ಬೈಟ್ ನೀಲಿ. ನೀವು ಓಪನ್‌ಜಿಎಲ್‌ನ ಬೈಟ್ ಕ್ರಮದ ಆರ್‌ಜಿಬಿಎ ಚಿತ್ರವನ್ನು ಹಾಗೆಯೇ ಸುರಿದಿದ್ದೀರಿ.

ಪ್ರಶ್ನೆ: ಮೆಮೊರಿ ಪುಟದ ಅಳತೆ 4096 ಬೈಟ್ ಎಂದು ಬರೆದಿದ್ದೇನೆ, ತೊಂದರೆ ಇದೆಯೇ?

ಆಪಲ್ ಎಂ1 ಮೇಲಿನ ಅಸಾಹಿ ಲಿನಕ್ಸ್‌ನಲ್ಲಿ ಅದು 16384. ಅಳತೆ ತಿಳಿಸುವ ಸಿಸ್‌ಕಾನ್ಫ್ ಫಂಕ್ಷನ್ ಅನ್ನು ಕೇಳಿ, ನನ್ನನ್ನಲ್ಲ.